ಒಂದು ಪುಟವೂ ಓದಲಾಗುತ್ತಿಲ್ಲ, ಧೈರ್ಯ ಎಲ್ಲಿಂದ ತರಲಿ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಎರಡೆಕರೆ ನೀರಾವರಿ ಹೊಲ ಇದೆ. ಮನೆಯಲ್ಲಿ ಅತ್ತೆ, ನಾನು, ನಾಲ್ಕನೇ ತರಗತಿ ಓದುವ ಮಗ. ಬಿ.ಎ. ಓದುವಾಗ ವಾರಕ್ಕೊಂದು ಕಾದಂಬರಿ ಮುಗಿಸುತ್ತಿದ್ದೆ. ಈಗ ಒಂದು ಪುಟ ಓದಿದರೆ ಏನು ಓದಿದೆ ಅಂತ ನನಗೇ ಗೊತ್ತಾಗಲ್ಲ. ಗೆಳತಿಯೊಬ್ಬಳು ಯಶಸ್ಸು, ಆತ್ಮವಿಶ್ವಾಸ ಅಂತ ಬರೆದ ಮೂರು ಪುಸ್ತಕ ಕಳಿಸಿದಳು. ತೆರೆದರೆ ಸಿಟ್ಟು ಬರ್ತದೆ. ನಾದಿನಿ ಪುರಾಣ ಓದು ಅಂತಾಳೆ. ಅತ್ತೆಗೆ ಅಕ್ಷರ ಬರಲ್ಲ, ದಿನವಿಡೀ ಮಾತಿಲ್ಲದೆ ಕೂತಿರ್ತಾರೆ. ಮಗ ಅಪ್ಪನ ಹೆಸರೇ ಎತ್ತಲ್ಲ. ಕಷ್ಟದಾಗ ಸಾಹಿತ್ಯ ಕೈ ಹಿಡಿತದ ಅಂತ ಎಲ್ಲಾರೂ ಹೇಳ್ತಾರೆ. ಇದು ಖರೇನಾ? ಖರೇ ಇದ್ದರೆ ಏನು ಓದಲಿ, ಹೆಂಗ ಓದಲಿ?

ಉತ್ತರ: ಖರೇ. ಆದರೆ ಗೆಳತಿ ಕಳಿಸಿದಂಥ ಪುಸ್ತಕಗಳಿಂದ ಅಲ್ಲ. ನಿಮಗೆ ಬಂದ ಸಿಟ್ಟಿನಲ್ಲಿ ತಪ್ಪೂ ಇಲ್ಲ. ಅವು ಪರೀಕ್ಷೆ, ನೌಕರಿ, ವ್ಯಾಪಾರ ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಪ್ರಯತ್ನ ಹೆಚ್ಚಿಸಿದರೆ ಫಲ ಬದಲಾಗುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತವು. ಸಾವಿನ ಮುಂದೆ ಆ ಮಾತಿಗೆ ಅರ್ಥವಿಲ್ಲ. ಆದ್ದರಿಂದ ಓದಿದವರಿಗೆ ಕೊನೆಗೆ ಉಳಿಯುವುದು 'ನಾನೇ ಎಲ್ಲೋ ಕಡಿಮೆಬಿದ್ದೆ' ಎಂಬ ನೋವು ಮಾತ್ರ. ಅವನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಗೆಳತಿಗೆ 'ಮುಂದೆ ಓದ್ತೀನಿ' ಎಂದು ಹೇಳಿದರೆ ಸಾಕು.

ಕಥೆ, ಪದ್ಯ, ವಚನ, ಹಾಡು ಕೆಲಸ ಮಾಡುವ ಬಗೆ ಬೇರೆ. ಹೆಸರಿಲ್ಲದೆ ಎದೆಯಲ್ಲಿ ಕೂತಿದ್ದ ಸಂಕಟವನ್ನು ಬೇರೆ ಯಾರೋ, ಎಂದೋ, ಸರಿಯಾದ ಮಾತಿನಲ್ಲಿ ಹೇಳಿಬಿಟ್ಟಿರುತ್ತಾರೆ. ಓದಿದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ, ನೋಡಲು ಸಿಗುತ್ತದೆ. ಇಷ್ಟು ಮೊದಲು ಆಗಬೇಕು. ಭರವಸೆ ಆಮೇಲಿನದು, ಅದೂ ದೊಡ್ಡ ಮಾತಾಗಿ ಬರುವುದಿಲ್ಲ. 'ಬರುವ ಸೋಮವಾರ ಸೊಸೈಟಿಗೆ ಹೋಗಿ ಬೀಜದ ವಿಚಾರ ಕೇಳಬೇಕು' ಎಂದು ತಾನಾಗಿ ಹೊಳೆಯಿತು ಅಂದರೆ ಅದು ಭರವಸೆಯೇ. ಅಂಥದ್ದು ಹೊಳೆಯಲು ಶುರುವಾಗಿದೆಯೇ ಎಂಬುದರಿಂದ ಅಳೆಯಿರಿ. ಸಂತೋಷ ಬಂತೇ ಎಂದು ಅಳೆಯಬೇಡಿ.

ಓದಿದ್ದು ತಲೆಗೆ ಹೋಗದಿರುವುದಕ್ಕೆ ಕಾರಣವಿದೆ. ಒಂದು ಪುಟ ಅರ್ಥವಾಗಬೇಕಾದರೆ ಮೊದಲ ಸಾಲನ್ನು ನೆನಪಿನಲ್ಲಿ ಹಿಡಿದುಕೊಂಡೇ ಹತ್ತನೆಯ ಸಾಲಿಗೆ ಹೋಗಬೇಕು. ತೀವ್ರ ದುಃಖದಲ್ಲಿ ಈ ಹಿಡಿತವೇ ಮೊದಲು ಸಡಿಲಾಗುತ್ತದೆ. ನಿದ್ದೆ ಕೆಟ್ಟಿದ್ದರೆ ಇನ್ನೂ ಹೆಚ್ಚು. ಕಣ್ಣು ಸಾಲಿನ ಮೇಲೆ ಓಡುತ್ತದೆ, ಮನಸ್ಸು ಆಸ್ಪತ್ರೆಯ ಕೊನೆಯ ದಿನದಲ್ಲೋ ಬ್ಯಾಂಕಿನ ಸಾಲದಲ್ಲೋ ಇರುತ್ತದೆ. ಓದುವ ಶಕ್ತಿ ಹೋಗಿದೆ ಎಂದು ಇದರ ಅರ್ಥವಲ್ಲ. ಈಗಿನ ಹಿಡಿತಕ್ಕೆ ಇನ್ನೂರು ಪುಟದ ಕಾದಂಬರಿ ದೊಡ್ಡದಾಯಿತು ಅಷ್ಟೇ. ಹಳೆಯ ವೇಗಕ್ಕೆ ಹೋಲಿಸಿಕೊಂಡು ಕೊರಗುವವರು ಓದನ್ನೇ ಬಿಟ್ಟುಬಿಡುತ್ತಾರೆ. ನೀವು ಅಳತೆಯನ್ನು ಎಂಟು ಸಾಲಿಗೆ ಇಳಿಸಿಕೊಳ್ಳಿ.

ಅದಕ್ಕೂ ಮೊದಲು ಒಂದು ಮಾತು, ಇದನ್ನು ದಾಟಿ ಮುಂದೆ ಹೋಗಬೇಡಿ. ರಾತ್ರಿ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಊಟ ಸೇರದೆ ತೂಕ ಇಳಿಯುವುದು, ಅಡುಗೆ, ಸ್ನಾನ, ಹೊಲದ ಕೆಲಸ ಯಾವುದೂ ಆಗದಿರುವುದು ಎರಡು ವಾರಕ್ಕಿಂತ ಹೆಚ್ಚು ನಡೆದಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಆರು ತಿಂಗಳು ದಾಟಿದರೂ ಬದುಕನ್ನೇ ನಿಲ್ಲಿಸಿಬಿಡುವಷ್ಟು ತೀವ್ರವಾಗಿ ಉಳಿದ ಅಗಲಿಕೆಯ ದುಃಖವನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದೇ ಗುರುತಿಸುತ್ತದೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದಿದ್ದರೂ ಇಂದೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ವೈದ್ಯರು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಗ್ರಂಥಾಲಯಕ್ಕೆ ಕಳಿಸುವ ಯೋಜನೆಯೇ ನಡೆದಿದೆ. ಅಲ್ಲಿಯೂ ಪುಸ್ತಕ ಇರುವುದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಜಾಗದಲ್ಲಿ ಅಲ್ಲ.

ಇನ್ನು ಓದು. ವಚನದಿಂದ ಶುರುಮಾಡಿ. ಭಕ್ತಿಗೆ ಅಂತಲ್ಲ, ಅಳತೆಗೆ. ಬಹಳಷ್ಟು ವಚನಗಳು ಐದರಿಂದ ಹತ್ತು ಸಾಲಿನವು, ಒಂದರಲ್ಲೇ ಮಾತು ಮುಗಿಯುತ್ತದೆ, ನಿನ್ನೆ ಓದಿದ್ದು ಮರೆತಿದ್ದರೂ ಇಂದಿನದಕ್ಕೆ ತೊಂದರೆಯಿಲ್ಲ. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15 ಇವೆ. ಅವನ್ನು ಮನೆಗೆ ತರಬೇಡಿ, ರಾಶಿ ನೋಡಿಯೇ ಕೈ ಹಿಂದೆ ಸರಿಯುತ್ತದೆ. ನೂರು ನೂರೈವತ್ತು ಪುಟದ, ದಪ್ಪಕ್ಷರದ ಆಯ್ದ ವಚನಗಳ ಪುಸ್ತಕ ಒಂದಿದ್ದರೆ ಆಯಿತು.

ದಿನಕ್ಕೆ ಒಂದೇ ವಚನ, ಹತ್ತು ನಿಮಿಷ. ಹೊತ್ತು ಗೊತ್ತುಮಾಡಿಕೊಳ್ಳಿ. ಮಗ ಶಾಲೆಗೆ ಹೋದ ಮೇಲೆ ಹೊಲಕ್ಕೆ ಹೊರಡುವ ಮುಂಚಿನ ಹೊತ್ತು ಒಳ್ಳೆಯದು. ರಾತ್ರಿ ಮಲಗುವ ಮುಂಚೆ ಬೇಡ, ಕತ್ತಲಲ್ಲಿ ಒಬ್ಬರೇ ಇರುವಾಗ ಎಬ್ಬಿಸಿದ ದುಃಖಕ್ಕೆ ಮರುದಿನದ ಬೆಳಕಿನವರೆಗೆ ಎಲ್ಲೂ ದಾರಿ ಇರುವುದಿಲ್ಲ. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಮೊದಲ ಸಲ ಗಟ್ಟಿಯಾಗಿ ಓದಿ, ಅರ್ಥದ ಗೊಡವೆ ಬೇಡ, ನಾಲಿಗೆಗೆ ಪದ ಹತ್ತಲಿ. ಎರಡನೆಯ ಸಲ ಸಾಲು ಸಾಲಿಗೆ ನಿಂತು ಓದಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಂಡು, ಬರೆದದ್ದನ್ನು ನೋಡಿ ಮತ್ತೊಮ್ಮೆ ಓದಿ. ಗಟ್ಟಿಯಾಗಿ ಓದುವಾಗ ಉಸಿರು ನಿಧಾನವಾಗುತ್ತದೆ, ಕಣ್ಣು ಸಾಲು ಹಾರಿಸಲಾಗುವುದಿಲ್ಲ. ಬರೆಯುವಾಗ ಕೈಯ ವೇಗಕ್ಕೆ ಮನಸ್ಸು ಇಳಿಯಲೇಬೇಕಾಗುತ್ತದೆ. ಮೌನವಾಗಿ ಕಣ್ಣಾಡಿಸುವುದರಲ್ಲಿ ಇವೆರಡೂ ಇಲ್ಲ, ನಿಮಗೆ ಕೈಕೊಟ್ಟದ್ದು ಅದೇ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಿ ಸರಿಮಾಡಲು ಹೋಗಬೇಡಿ.

ಒಂದು ವಚನವನ್ನು ಹತ್ತಿರದಿಂದ ನೋಡೋಣ. ಅಕ್ಕಮಹಾದೇವಿಯದು, ಶಾಲೆಯಲ್ಲಿ ನೀವು ಬಾಯಿಪಾಠ ಮಾಡಿರುತ್ತೀರಿ:

ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ?

ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಮುಂದೆ ಈ ವಚನದ ಕೊನೆಯ 'ಸಮಾಧಾನಿಯಾಗಿರಬೇಕು' ಎಂಬುದನ್ನಷ್ಟೇ ಕಿತ್ತು ತಂದು, ಅಳಬೇಡ ಎಂಬ ಅರ್ಥದಲ್ಲಿ ಹೇಳುವವರಿದ್ದಾರೆ. ಪೂರ್ತಿ ಓದಿ ನೋಡಿ. ಅಕ್ಕ ಅಲ್ಲಿ ಸಾವಿನ ಮಾತೇ ಎತ್ತಿಲ್ಲ. 'ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿ ನಿಂದೆಗಳು ಬಂದಡೆ' ಎಂದೇ ಹೇಳುತ್ತಾಳೆ. ಅಂದರೆ ಇದು ಜನರ ಬಾಯಿಯ ಬಗ್ಗೆ ಇರುವ ವಚನ. ಕುಂಕುಮ ಇಟ್ಟರೂ ಮಾತು, ಬಿಟ್ಟರೂ ಮಾತು, ಒಬ್ಬಳೇ ಬಸ್ಸು ಹತ್ತಿ ಸಿಂಧನೂರಿಗೆ ಹೋದರೂ ಮಾತು ಎಂಬಂಥ ಎಂಟು ತಿಂಗಳು ಕಳೆದವರಿಗೆ ಮೂರನೆಯ ಸಾಲಿನ ಸಂತೆ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅತ್ತು ಹಗುರಾಗುವುದಕ್ಕೆ ಈ ವಚನದಲ್ಲಿ ಎಲ್ಲಿಯೂ ಅಡ್ಡಿಯಿಲ್ಲ. ಹೀಗೆ ಯಾವ ಮಾತನ್ನು ಯಾವುದಕ್ಕೆ ಹೇಳಿದೆ ಎಂದು ಪೂರ್ತಿ ಓದಿ ತಿಳಿಯುವುದರಲ್ಲೇ ಅರ್ಧ ಬಲ ಬರುತ್ತದೆ, ಆಮೇಲೆ ಯಾರೂ ಅದನ್ನು ನಿಮ್ಮ ಮೇಲೆ ಎಸೆಯಲಾಗುವುದಿಲ್ಲ.

ಎರಡು ಮೂರು ವಾರ ಕಳೆದ ಮೇಲೆ ವಚನದ ಜೊತೆಗೆ ಗಜಲ್ ಸೇರಿಸಿಕೊಳ್ಳಬಹುದು. ಕನ್ನಡದಲ್ಲಿ ಗಜಲ್ ಬೇರೂರಿದ್ದೇ ನಿಮ್ಮ ರಾಯಚೂರಿನ ನೆಲದಲ್ಲಿ. ಶಾಂತರಸರು, ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದರ ಮೊದಲಿಗರು. ಗಜಲಿನ ರಚನೆ ನಿಮ್ಮ ಈಗಿನ ಸ್ಥಿತಿಗೆ ಹೊಂದುತ್ತದೆ. ಎರಡೆರಡು ಸಾಲಿನ ಷೇರ್‌ಗಳು, ಒಂದೊಂದೂ ತನ್ನಷ್ಟಕ್ಕೆ ಪೂರ್ತಿ. ಹಿಂದಿನ ಷೇರ್ ಮರೆತರೂ ಮುಂದಿನದು ತಿಳಿಯುತ್ತದೆ. ಪ್ರತಿ ಎರಡನೆಯ ಸಾಲಿನ ಕೊನೆಗೆ ಒಂದೇ ಪದ ಮರಳಿ ಮರಳಿ ಬರುವುದರಿಂದ ಕಿವಿ ಅದನ್ನು ಕಾಯುತ್ತಾ ಕೂರುತ್ತದೆ, ಚೆದುರಿದ ಗಮನಕ್ಕೆ ಒಂದು ಹಿಡಿಕೆ ಸಿಕ್ಕಂತಾಗುತ್ತದೆ. ದಿನಕ್ಕೆ ಎರಡು ಷೇರ್ ಸಾಕು. ಗಜಲಿನ ಮುಖ್ಯ ವಸ್ತು ವಿರಹ. ಆದ್ದರಿಂದ ಇದನ್ನೂ ಹಗಲಿನಲ್ಲೇ ಓದಿ, ಎದೆ ಬಿಗಿಯಿತು ಅನಿಸಿದರೆ ಅಲ್ಲೇ ಮುಚ್ಚಿ ಎದ್ದುಬಿಡಿ. ಮುಗಿಸಲೇಬೇಕೆಂಬ ಹಟ ಪರೀಕ್ಷೆಯ ಓದಿಗೆ ಮಾತ್ರ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಮ್ಮಂಥದೇ ಕಥೆ ಓದಿದರೆ ಸಮಾಧಾನ ಸಿಗುತ್ತದೆ ಎಂದುಕೊಂಡು, ವಿಧವೆಯ ಬದುಕಿನ ಕಾದಂಬರಿಯನ್ನೇ ಹುಡುಕಿ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ದೊಡ್ಡ ಕೃತಿ, ಬಾಲ್ಯದಲ್ಲೇ ವಿಧವೆಯಾದ ಹೆಂಗಸೊಬ್ಬಳು ಕಡೆಗೆ ಇಡೀ ಊರಿಗೆ ನೆರವಾಗಿ ನಿಲ್ಲುವ ಕಥೆ. ಆದರೆ ಆ ನಿಲುವಿಗೆ ತಲುಪುವ ಮುಂಚೆ ಓದುಗರು ತಲೆ ಬೋಳಿಸುವ, ಬಳೆ ಒಡೆಯುವ ಪುಟಗಳನ್ನು ದಾಟಬೇಕು. ಎಂಟು ತಿಂಗಳಿಗೆ ಅದು ಬೇಡ, ವರ್ಷ ಒಪ್ಪತ್ತು ಹೋಗಲಿ. ಅದೇ ರೀತಿ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕನ್ನಡದಲ್ಲಿ ದುಃಖದ ಬಗ್ಗೆ ಬಂದ ಅತಿ ಪ್ರಾಮಾಣಿಕ ಪದ್ಯಗಳಲ್ಲಿ ಒಂದು. ಅದರಲ್ಲಿ ಸಮಾಧಾನದ ಒಂದು ಸುಳ್ಳು ಮಾತೂ ಇಲ್ಲ. ಆದರೆ ಅದು ಮಗುವನ್ನು ಕಳೆದುಕೊಳ್ಳುವ ತಂದೆತಾಯಿಯ ಪದ್ಯ. ಪಕ್ಕದಲ್ಲಿ ಮಗನಿರುವ ಒಂಟಿ ತಾಯಿಗೆ ಅದು ಹೊಸ ಭಯ ಹುಟ್ಟಿಸಬಹುದು. ಕೃತಿ ಒಳ್ಳೆಯದು ಎಂಬುದು ಬೇರೆ, ಈ ತಿಂಗಳಿಗೆ ಒಳ್ಳೆಯದು ಎಂಬುದು ಬೇರೆ.

ಡಿ.ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ'ವನ್ನು ನಿಮಗೆ ಯಾರಾದರೂ ಕೊಟ್ಟೇ ಕೊಡುತ್ತಾರೆ. 1943ರ ಪುಸ್ತಕ, 945 ಪದ್ಯ, ಒಂದೊಂದೂ ನಾಲ್ಕು ಸಾಲು. ಚಿಕ್ಕ ವಯಸ್ಸಿನಲ್ಲೇ ಹೆಂಡತಿಯನ್ನು ಕಳೆದುಕೊಂಡು ಮರುಮದುವೆಯಾಗದೆ ಬಾಳಿದವರು ಬರೆದದ್ದು. ಆದ್ದರಿಂದ ಅಲ್ಲಿನ ಧೈರ್ಯ ಪುಸ್ತಕದ ಧೈರ್ಯ ಅಲ್ಲ. ಆದರೆ ಕ್ರಮವಾಗಿ ಮೊದಲನೆಯದರಿಂದ ಓದಲು ಹೋದರೆ ಸೃಷ್ಟಿ, ಬ್ರಹ್ಮ, ತತ್ತ್ವದ ಪದ್ಯಗಳಲ್ಲೇ ಸುಸ್ತಾಗುತ್ತದೆ. ಎಲ್ಲಿಂದಾದರೂ ತೆರೆಯಿರಿ, ಒಂದು ಪದ್ಯ ಓದಿ, ಅರ್ಥ ಬಿಟ್ಟುಕೊಡದಿದ್ದರೆ ಮುಂದಿನದಕ್ಕೆ ಹೋಗಿ. ಗಟ್ಟಿಯಾಗು ಎಂದು ಹೇಳುವ ಪದ್ಯಗಳನ್ನು ಸದ್ಯ ಬಿಟ್ಟು, ಬದುಕಿನ ಗೊಂದಲವನ್ನು ಒಪ್ಪಿಕೊಳ್ಳುವಂಥವನ್ನು ಗುರುತುಹಾಕಿಕೊಳ್ಳಿ. ಅಂಥವು ಬೇಕಾದಷ್ಟಿವೆ.

ಗದ್ಯಕ್ಕೆ ಮರಳುವುದು ಯಾವಾಗ? ವಚನವನ್ನು ಬರೆದುಕೊಂಡ ಮೇಲೆ ಪುಸ್ತಕ ಮುಚ್ಚಿ ಅದರ ಎರಡು ಸಾಲು ಹೇಳಲು ಬಂದರೆ ಹಿಡಿತ ಮರಳುತ್ತಿದೆ ಎಂದರ್ಥ. ಆಗ ಐದಾರು ಪುಟದ ಪ್ರಬಂಧ ಅಥವಾ ಸಣ್ಣ ಕಥೆ ಎತ್ತಿಕೊಳ್ಳಿ. ನಗಿಸುವ ಬರಹವನ್ನೂ ಸೇರಿಸಿ. ಹಳೆಯ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯವರಾದ ಬೀಚಿ ಈ ಕೆಲಸಕ್ಕೆ ಸಿಗುತ್ತಾರೆ, ಅವರ ತಿಂಮನ ಜೋಕುಗಳು ಮೂರು ನಾಲ್ಕು ಸಾಲಿನವು. ಮೊದಲ ಸಲ ನಗು ಬಂದಾಗ ಏನೋ ತಪ್ಪು ಮಾಡಿದಂತೆ ಅನಿಸುತ್ತದೆ. ತಪ್ಪಲ್ಲ. ಸಂಡೂರಿನ ವಸುಧೇಂದ್ರರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಪ್ರಬಂಧಗಳ ಭಾಷೆ, ಅಡುಗೆಮನೆ, ಬೈಗುಳ ಎಲ್ಲವೂ ನಿಮಗೆ ನಮ್ಮ ಮನೆಯದೇ ಅನಿಸುತ್ತದೆ. ಅಗಲಿದವರನ್ನು ನಗುತ್ತಾ ನೆನೆಯಬಹುದು ಎಂಬುದು ಅಲ್ಲಿ ಕಾಣುತ್ತದೆ. ಕಾದಂಬರಿಯನ್ನು ಕೊನೆಗಿಡಿ, ಅದೂ ನೂರು ಪುಟದ ಆಸುಪಾಸಿನದು. ಬಿ.ಎ. ಓದುವಾಗ ನಿಮಗೆ ಬಹಳ ಇಷ್ಟವಾಗಿದ್ದ ಒಂದನ್ನೇ ಮತ್ತೆ ಓದುವುದು ಹೊಸದಕ್ಕಿಂತ ಸುಲಭ. ಕಥೆ ಗೊತ್ತಿರುವುದರಿಂದ ನಡುವೆ ಗಮನ ಜಾರಿದರೂ ದಾರಿ ತಪ್ಪುವುದಿಲ್ಲ.

ಓದಿನಿಂದ ಬರಹಕ್ಕೆ ದಾಟಿದವರೂ ಇದ್ದಾರೆ. ನಂಜನಗೂಡು ತಿರುಮಲಾಂಬ ವಿಧವೆಯಾದಾಗ ಅವರಿಗೆ ಹದಿನಾಲ್ಕು ವರ್ಷ. ಮನೆಯಲ್ಲೇ ಕೂತು ಓದಿ, ಬರೆದು, ಮುಂದೆ ತಮ್ಮದೇ ಗ್ರಂಥಮಾಲೆ ನಡೆಸಿ, ಹೊಸಗನ್ನಡದ ಮೊದಲ ಕಾದಂಬರಿಕಾರ್ತಿಯರಲ್ಲಿ ಒಬ್ಬರಾದರು. ನೀವು ಲೇಖಕಿಯಾಗಬೇಕೆಂದು ಇದನ್ನು ಹೇಳುತ್ತಿಲ್ಲ. ಬರೆಯಬೇಕು ಅನಿಸಿದರೆ ಒಂದು ಪದ್ಧತಿಯಿದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮನ್ನು ಕಲಕಿದ ಘಟನೆಯ ಬಗ್ಗೆ ದಿನಕ್ಕೆ 15 ನಿಮಿಷದಂತೆ ಸತತ 4 ದಿನ ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಕೂಡಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು, ಆದರೆ ನಂತರದ ತಿಂಗಳುಗಳಲ್ಲಿ ಅವರು ಆಸ್ಪತ್ರೆಗೆ ಹೋದದ್ದು ಕಡಿಮೆಯಾಯಿತು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಲ್ಲಿ ಈ ಫಲ ಅಷ್ಟು ಸ್ಪಷ್ಟವಾಗಿ ಕಂಡುಬಂದಿಲ್ಲ, ಹಾಗಾಗಿ ಕಡ್ಡಾಯವಾಗಿ ಮಾಡಬೇಕಾದದ್ದಲ್ಲ. ಮಾಡುವುದಾದರೆ ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ, 15 ನಿಮಿಷಕ್ಕೆ ನಿಲ್ಲಿಸಿ. ಬರೆದ ಮೇಲೆ ಮಾಡಲು ಕೈಗೆಲಸ ಒಂದನ್ನು ಮೊದಲೇ ಇಟ್ಟುಕೊಂಡಿರಿ, ಅಕ್ಕಿ ಆರಿಸುವುದೋ ಬಟ್ಟೆ ಒಗೆಯುವುದೋ. ಎರಡನೆಯ ದಿನ ನಿದ್ದೆ ಪೂರ್ತಿ ಕೆಟ್ಟರೆ ಅಲ್ಲಿಗೇ ಬಿಡಿ.

ಈಗ ಅತ್ತೆಯವರ ವಿಷಯ. ಅಕ್ಷರ ಬರುವುದಿಲ್ಲ ಎಂದಿದ್ದೀರಿ. ಆದರೆ ಅವರ ವಯಸ್ಸಿನ ಹೆಣ್ಣುಮಕ್ಕಳ ಬಾಯಲ್ಲಿ ಬೀಸುವ ಪದ, ಕುಟ್ಟುವ ಪದ, ಜೋಗುಳ, ಸೋಬಾನೆ ಎಷ್ಟೋ ಇರುತ್ತವೆ. ಮನೆಯಲ್ಲಿರುವ ದೊಡ್ಡ ಗ್ರಂಥಾಲಯ ಅದೇ. ಅವರೂ ಮಗನನ್ನು ಕಳೆದುಕೊಂಡಿದ್ದಾರೆ. ಊರಿನ ಕಣ್ಣಿಗೆ ಗಂಡನನ್ನು ಕಳೆದುಕೊಂಡವಳೇ ಮೊದಲು ಕಾಣುವುದರಿಂದ ಅವರ ದುಃಖವನ್ನು ಕೇಳಿದವರು ಕಡಿಮೆ. 'ಹಾಡ್ರಿ' ಅಂದರೆ ಹಾಡುವುದಿಲ್ಲ, ಅದು ಸಂತೋಷಕ್ಕೆ ಕರೆದಂತಾಗುತ್ತದೆ. 'ಅತ್ತಿ, ಜ್ವಾಳ ಬೀಸ್ವಾಗ ಏನಂತ ಹಾಡ್ತಿದ್ರಿ? ಮೊದಲ ಸಾಲು ಹೆಂಗ ಬರ್ತದ?' ಎಂದು ಕೆಲಸದ ನಡುವೆ ಕೇಳಿ. 'ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ' ಎಂದು ನೀವೇ ಶುರುಮಾಡಿದರೆ 'ಎಳ್ಳು ಜೀರಿಗೆ ಬೆಳೆಯೋಳ ಭೂಮ್ತಾಯ' ಎಂಬುದು ಆ ಕಡೆಯಿಂದ ಬಂದರೂ ಬರಬಹುದು. ತ್ರಿಪದಿಗೆ ಮೂರೇ ಸಾಲು, ನೆನಪಿನಿಂದ ಹೊರಬರುವುದು ಸುಲಭ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. 'ನೆನೆದೇನ' ಎಂದದ್ದನ್ನು 'ನೆನೆಯುತ್ತೇನೆ' ಎಂದು ತಿದ್ದಬೇಡಿ, ತಿದ್ದಿದರೆ ಹಾಡಲು ಬರುವುದಿಲ್ಲ. ಫೋನಿನಲ್ಲಿ ದನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು, ಆದರೆ ಕೇಳಿ ಒಪ್ಪಿಸಿಕೊಂಡೇ ಹಿಡಿಯಿರಿ. ವಾರಕ್ಕೆ ಎರಡು ಮೂರು ಪದ ಸಿಕ್ಕರೆ ಬಹಳವಾಯಿತು. ನಡುವೆ ಅವರು ಅಳಬಹುದು. ಆಗ ಮಾತು ಬದಲಿಸಬೇಡಿ, ನೀರು ಕೊಟ್ಟು ಪಕ್ಕದಲ್ಲಿ ಕೂತಿರಿ. ಬರೆದದ್ದನ್ನು ಸಂಜೆ ಅವರಿಗೇ ಓದಿ ಹೇಳಿ. ತನ್ನ ಮಾತು ಕಾಗದದಿಂದ ಮರಳಿ ಬಂದಾಗ ಆಗುವ ಬದಲಾವಣೆ ಯಾವ ಪ್ರವಚನಕ್ಕೂ ಆಗುವುದಿಲ್ಲ.

ಅವರಿಗೆ ಓದಿ ಹೇಳಲು ಕನಕದಾಸರ 'ತಲ್ಲಣಿಸದಿರು ಕಂಡ್ಯ ತಾಳು ಮನವೆ' ಒಳ್ಳೆಯದು. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು, ಕಲ್ಲಿನೊಳಗಿನ ಕಪ್ಪೆಗೆ ಆಹಾರ ಕೊಟ್ಟವರು ಯಾರು ಎಂದು ಅದು ಒಂದೊಂದೇ ಚಿತ್ರ ಮುಂದಿಡುತ್ತದೆ. ಉಪದೇಶ ಸಾಲು ಒಂದೇ, ಉಳಿದದ್ದೆಲ್ಲ ಕಣ್ಣಿಗೆ ಕಟ್ಟುವಂಥದು. ಮಾನ್ವಿ ಸೀಮೆ ದಾಸರ ನೆಲ. ಚೀಕಲಪರವಿಯ ವಿಜಯದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರ ಪದಗಳು ಭಜನೆಯಲ್ಲಿ ಅವರ ಕಿವಿಗೆ ಬಿದ್ದಿರಬಹುದು, ಕೇಳಿ ನೋಡಿ. ಜಗನ್ನಾಥದಾಸರ 'ಹರಿಕಥಾಮೃತಸಾರ' ಮಾತ್ರ ಶಾಸ್ತ್ರದ ಗ್ರಂಥ, ಹೇಳಿಕೊಡುವವರಿಲ್ಲದೆ ಅದಕ್ಕೆ ಕೈಹಾಕಿದರೆ ಭಾರವಾಗುತ್ತದೆ.

ನಿಮ್ಮ ಭಾಗದಲ್ಲಿ ದುಃಖವನ್ನು ಬೀದಿಯಲ್ಲಿ, ಎಲ್ಲರ ಎದುರು ಹಾಡುವ ಪರಂಪರೆಯೇ ಇದೆ. ಮೊಹರಂ ಪದ, ರಿವಾಯತ್ ಪದ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನೀರಿಗಾಗಿ ಬಾಯಾರಿ ಪ್ರಾಣಬಿಟ್ಟವರ ಶೋಕವನ್ನು ಮುದಗಲ್ಲಿನಲ್ಲಿ, ಸುತ್ತಲ ಊರುಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಕನ್ನಡದಲ್ಲೇ ಹಾಡುತ್ತಾರೆ. ಸಾವಿರದ ಮುನ್ನೂರು ವರ್ಷದ ಹಿಂದಿನ ತಾಯಂದಿರ ಅಳುವನ್ನು ಹಾಡುತ್ತಾ ತಮ್ಮ ಮನೆಯ ಅಳುವನ್ನೂ ಅದರಲ್ಲಿ ಸೇರಿಸಿ ಅತ್ತುಬಿಡುವ ಅವಕಾಶ ಅದು. ಸಾಹಿತ್ಯದಿಂದ ಸಿಗುವ ನೆಮ್ಮದಿ ಎಂದರೆ ಏನು ಎಂದು ಕೇಳಿದರೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅತ್ತೆಯವರಿಗೆ ಆ ಪದಗಳ ಪರಿಚಯವಿದ್ದರೆ ಅವನ್ನೂ ಕೇಳಿ ಬರೆದುಕೊಳ್ಳಿ.

ನಾದಿನಿಯ ಸಲಹೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಶ್ರಾವಣದಲ್ಲಿ ನಮ್ಮ ಊರುಗಳ ಗುಡಿ, ಮಠಗಳಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ, ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ನಡುನಡುವೆ ಹಾಡು. ಕೂಡಿ ಕೂತು ನಿಧಾನವಾಗಿ ಓದುವ ಈ ಕ್ರಮ ಬಹಳ ಒಳ್ಳೆಯದು. ಹೋಗುವುದು ಬಿಡುವುದು ನಿಮ್ಮ ಇಷ್ಟ. ಗಂಡನ ಸಾವನ್ನು ಹೆಂಡತಿಯ ಕರ್ಮಕ್ಕೆ ಕಟ್ಟುವ ಭಾಗ ಬಂದರೆ ಎದ್ದು ಬರುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ, ಮನೆಯಲ್ಲಿ ಓದುವಾಗಲೂ ಅಂಥ ಪುಟಗಳನ್ನು ಹಾರಿಸಿ. ಅದೇ ಕ್ರಮವನ್ನು ಸಣ್ಣದಾಗಿ ಮನೆಯಲ್ಲೂ ಮಾಡಬಹುದು. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ನಂಬಿಕೆಯ ಇಬ್ಬರು ಮೂವರು ಇದ್ದರೆ ವಾರಕ್ಕೊಮ್ಮೆ ಉಳಿತಾಯದ ಲೆಕ್ಕ ಮುಗಿದ ಮೇಲೆ ಇಪ್ಪತ್ತು ನಿಮಿಷ. ಒಬ್ಬರು ಒಂದು ಪುಟ ಓದಲಿ, ಉಳಿದವರು ಯಾವ ಸಾಲು ಮನಸ್ಸಿಗೆ ನಾಟಿತು ಎಂದಷ್ಟೇ ಹೇಳಲಿ. ಬುದ್ಧಿ ಹೇಳುವುದು, 'ನಿನಗಿಂತ ಕಷ್ಟ ಪಟ್ಟವರಿದ್ದಾರೆ' ಎನ್ನುವುದು ನಿಷಿದ್ಧ ಎಂದು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಇಂಥ ಗುಂಪುಗಳು ಮುರಿಯುವುದು ಆ ಒಂದು ಮಾತಿನಿಂದಲೇ.

ಪುಸ್ತಕ ಕೊಳ್ಳಲು ದುಡ್ಡು ಹಾಕಬೇಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೊದಲು ನೋಡಿ, ಸಿಗದಿದ್ದರೆ ಸಿಂಧನೂರಿನ ಸಾರ್ವಜನಿಕ ಗ್ರಂಥಾಲಯ. ಒಂದು ಸಲಕ್ಕೆ ಎರಡೇ ತನ್ನಿ, ಒಂದು ನಿಮಗೆ, ಒಂದು ಮಗನಿಗೆ. ಓದಿ ಮುಗಿಯದಿದ್ದರೂ ಹೇಳಿದ ದಿನಕ್ಕೆ ಹಿಂದಿರುಗಿಸಿ ಬೇರೆ ತನ್ನಿ. ಹದಿನೈದು ದಿನಕ್ಕೊಮ್ಮೆ ಆ ನೆಪದಲ್ಲಿ ಮನೆಯಿಂದ ಹೊರಬೀಳುವುದೂ ಚಿಕಿತ್ಸೆಯ ಭಾಗವೇ. ಮೊಬೈಲಿನಲ್ಲಿ ಓದುವುದನ್ನು ಆದಷ್ಟು ಬಿಡಿ. ನಡುವೆ ಒಂದು ಮೆಸೇಜ್ ಬಂದರೂ ಎಂಟು ಸಾಲಿನ ಹಿಡಿತ ಹೋಯಿತು. ಕೇಳುವುದಾದರೆ ತೊಂದರೆಯಿಲ್ಲ, ಅಡುಗೆ ಮಾಡುವಾಗ ರಾಯಚೂರು ಆಕಾಶವಾಣಿ ಹಚ್ಚಿಡಿ.

ಮಗನ ಮಾತು ಕೊನೆಗೆ ಇಟ್ಟುಕೊಂಡದ್ದು, ಅದಕ್ಕೆ ಹೆಚ್ಚು ಎಚ್ಚರ ಬೇಕು ಅಂತ. ಒಂಬತ್ತು ಹತ್ತು ವರ್ಷದ ಮಕ್ಕಳು ಅಪ್ಪನ ಹೆಸರು ಎತ್ತದಿರುವುದು ಬಹುಪಾಲು ಮರೆತದ್ದಕ್ಕಲ್ಲ, ಎತ್ತಿದರೆ ಅವ್ವ ಅಳುತ್ತಾಳೆ ಎಂಬ ಭಯಕ್ಕೆ. ನೇರವಾಗಿ ಕೇಳಿದರೆ ಇನ್ನೂ ಮುಚ್ಚಿಕೊಳ್ಳುತ್ತಾರೆ. ಕಥೆಯ ಪಾತ್ರದ ಬಗ್ಗೆ ಮಾತಾಡುವುದು ಅವರಿಗೆ ಸುಲಭ. ಅದಕ್ಕೆ ಗೋವಿನ ಹಾಡಿಗಿಂತ ಹತ್ತಿರದ್ದು ಸಿಗುವುದಿಲ್ಲ. ಪುಣ್ಯಕೋಟಿಯ ಕಥೆ ಅವನಿಗೆ ಗೊತ್ತಿರುತ್ತದೆ, ರಾಗವಾಗಿ ಪೂರ್ತಿ ಹಾಡಿ. ಹುಲಿಗೆ ಮಾತು ಕೊಟ್ಟು ಬಂದ ತಾಯಿಯನ್ನು ಕರು ಕೇಳುತ್ತದೆ:

ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರು ನನಗೆ ಹಿತವರು

ಅಪ್ಪ ಹೋದ ಮಗುವಿನ ತಲೆಯಲ್ಲಿ ಓಡುವ ಪ್ರಶ್ನೆಗಳೂ ಇವೇ. ನಮಗೆ ಊಟ ಹೇಗೆ, ನಾವು ಎಲ್ಲಿರುತ್ತೇವೆ, ರಾತ್ರಿ ಯಾರಿರುತ್ತಾರೆ, ನೀನೂ ಹೋಗಿಬಿಟ್ಟರೆ? ಹಾಡು ಇದನ್ನು ಕೇಳಿ ಸುಮ್ಮನಾಗುವುದಿಲ್ಲ. ತಾಯಿ ಕೂಡಲೇ ದೊಡ್ಡಿಯ ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಕರುವನ್ನು ಒಪ್ಪಿಸುತ್ತಾಳೆ. ಅಲ್ಲಿ ನಿಲ್ಲಿಸಿ 'ನಮ್ಮ ಮನ್ಯಾಗ ಆ ಹಸುಗಳು ಯಾರ್ಯಾರು?' ಎಂದು ಕೇಳಿ. ಅಜ್ಜಿ, ಸೋದರಮಾವ, ಪಕ್ಕದ ಮನೆಯ ದೊಡ್ಡವ್ವ, ಶಾಲೆಯ ಟೀಚರು ಎಂದು ಅವನೇ ಎಣಿಸಲಿ. ಅವನು ಬಿಟ್ಟ ಹೆಸರನ್ನು ನೀವು ಸೇರಿಸಬೇಡಿ. ಯಾರ ಮೇಲೆ ಅವನಿಗೆ ನಂಬಿಕೆಯಿದೆ ಎಂಬುದು ನಿಮಗೆ ಅದರಿಂದಲೇ ತಿಳಿಯುತ್ತದೆ.

ಈ ಹಾಡಿನಲ್ಲಿ ಒಂದು ತೊಡಕಿದೆ, ಮೊದಲೇ ಸಿದ್ಧರಾಗಿರಿ. ಕೊನೆಗೆ ಪುಣ್ಯಕೋಟಿ ಬದುಕಿ ಮನೆಗೆ ಬರುತ್ತಾಳೆ. 'ಹಂಗಾದ್ರ ಅಪ್ಪ ಯಾಕ ಬರಲಿಲ್ಲ?' ಎಂದು ಅವನು ಕೇಳಬಹುದು, ಅಥವಾ ಕೇಳದೆ ಮುಖ ತಿರುಗಿಸಬಹುದು. ಅಪ್ಪ ದೂರದ ಊರಿಗೆ ಹೋಗಿದ್ದಾರೆ, ನಕ್ಷತ್ರವಾಗಿದ್ದಾರೆ ಎಂದೆಲ್ಲ ಹೇಳಬೇಡಿ. ಈ ವಯಸ್ಸಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. 'ಹಾಡಿನ್ಯಾಗ ಬಂದಳು. ನಿಮ್ಮಪ್ಪ ಸತ್ತುಹೋಗ್ಯಾನ, ಬರೂದಿಲ್ಲ. ನಾನು ಇಲ್ಲೇ ಇರ್ತೀನಿ' ಎಂದು ನೇರವಾಗಿ, ಗಿಡ್ಡದಾಗಿ ಹೇಳಿ. ಹೇಳುವಾಗ ನಿಮಗೆ ಅಳು ಬಂದರೆ ತಡೆಯಬೇಡಿ, ಅತ್ತ ಮೇಲೂ ಅವ್ವ ಎದ್ದು ಅಡುಗೆ ಮಾಡುತ್ತಾಳೆ ಎಂಬುದನ್ನು ಅವನು ಕಣ್ಣಾರೆ ನೋಡಲಿ.

ಹಾಡಾದ ಮೇಲೆ ಅರ್ಥ ಕೇಳುವುದು, ನೀತಿ ಹೇಳಿಸುವುದು ಬೇಡ. ಅದೇ ಹಾಡನ್ನು ವಾರಗಟ್ಟಲೆ ಕೇಳಿದರೆ ವಾರಗಟ್ಟಲೆ ಹಾಡಿ. ಬೇಡ ಅಂದರೆ ಅರಿವು ಕೇಂದ್ರದಿಂದ ತಂದ ಚಿತ್ರದ ಪುಸ್ತಕವನ್ನು ಅವನೇ ಆರಿಸಲಿ, ನಿಮಗೆ ಇಷ್ಟವಿಲ್ಲದ್ದನ್ನು ಆರಿಸಿದರೂ ಸರಿ. ತರಗತಿಯ ಶಿಕ್ಷಕರಿಗೆ ಮನೆಯ ಸ್ಥಿತಿಯನ್ನು ಒಂದು ಮಾತು ತಿಳಿಸಿಡಿ, ಪಾಠದಲ್ಲಿ ತಂದೆಯ ವಿಷಯ ಬಂದ ದಿನ ಅವನನ್ನು ಎಬ್ಬಿಸಿ ಓದಿಸದಿರಲಿ. ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಹೋಗುವುದಿಲ್ಲ ಎಂಬ ಹಟ, ದಿನವೂ ಹೊಟ್ಟೆನೋವು ಇವು ಒಂದು ತಿಂಗಳು ನಿಲ್ಲದೆ ನಡೆದರೆ ನೀವು ರಿಮ್ಸ್‌ಗೆ ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ.